ಕೊಟ್ಟ ಮಾತು ಗಂಟೋ, ಸುತ್ತೋ?



ಮಾತು ಕೊಟ್ಟವನು ಒಂದು ಸಲ ತಪ್ಪಿದರೆ ಆ ಮಾತು ಮುರಿಯಿತು ಎನ್ನಬೇಕೇ, ಸಡಿಲಾಯಿತು ಎನ್ನಬೇಕೇ? ವ್ಯಾಪಾರದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಇಂಥ ದಿನ ಹಣ ತಲುಪಿಸುತ್ತೇನೆ ಎಂದವನು ತಲುಪಿಸದಿದ್ದರೆ ಮುಂದಿನ ಸಲ ಅವನಿಗೆ ಕಡ ಇಲ್ಲ. ಗುಂಡ್ಲುಪೇಟೆಯಲ್ಲಿ ಬೆಳ್ಳುಳ್ಳಿ, ಆಲೂಗಡ್ಡೆಯ ಮಂಡಿಯನ್ನು ನಾನು ಮೂವತ್ತು ವರ್ಷ ಇದೇ ಲೆಕ್ಕದಲ್ಲಿ ನಡೆಸಿದ್ದೇನೆ. ಅಂಗಡಿಯ ಈ ಲೆಕ್ಕವನ್ನೇ ಮನೆಯೊಳಗಿನ ಮಾತಿಗೂ ಹಾಕಿದೆ. ಹಾಗೆ ಹಾಕಬಾರದಿತ್ತು ಎಂದು ನನಗೆ ಹೊಳೆದದ್ದು ನೀಲಗಿರಿಯ ತುಮ್ಮನಟ್ಟಿಯಲ್ಲಿ, ಒಬ್ಬ ಹುಡುಗ ಪುಟ್ಟದೊಂದು ವಾದ್ಯಕ್ಕೆ ಹೊಸ ತಂತಿ ಸುತ್ತುವುದನ್ನು ನೋಡುತ್ತ ಕುಳಿತಿದ್ದಾಗ.

ತುಮ್ಮನಟ್ಟಿ ಊಟಿಯ ಕಡೆಯ ಒಂದು ಬಡಗರ ಹಟ್ಟಿ. ಬಡಗ ಎಂದರೆ ಬಡಗಣವರು, ಉತ್ತರದಿಂದ ಬಂದವರು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು ತಾವು ಎಂಬುದು ಅವರಲ್ಲಿ ತಲೆಮಾರುಗಳಿಂದ ನಡೆದು ಬಂದ ಮಾತು. ಅವರ ನುಡಿಯನ್ನು ನಾಲ್ಕು ದಿನ ಕೇಳಿದರೆ ನಮ್ಮ ಕಿವಿಗೆ ಕೂರುತ್ತದೆ. ಒಡೆಯರೆಂಬ ಪಂಗಡ ಅವರಲ್ಲಿ ಲಿಂಗವಂತರದೇ. ನಮ್ಮ ತಂದೆಯವರ ಕಾಲದಿಂದಲೂ ಅಲ್ಲಿಯ ಒಂದು ಮನೆಯ ಬಿತ್ತನೆ ಬೆಳ್ಳುಳ್ಳಿ ನಮ್ಮ ಮಂಡಿಗೆ ಬರುತ್ತದೆ. ಕಾಗದ ಪತ್ರ ಯಾವುದೂ ಇಲ್ಲದೆ ನಡೆದು ಬಂದ ವ್ಯವಹಾರ ಅದು.

ಕಳೆದ ವರ್ಷದ ಮಳೆಗಾಲದಲ್ಲಿ ಲೆಕ್ಕ ಚುಕ್ತಾ ಮಾಡಲು ಹೋಗಿದ್ದೆ. ಮಧ್ಯಾಹ್ನಕ್ಕೇ ಮಂಜು ಇಳಿಯಿತು. ಬಂಡೀಪುರದ ರಸ್ತೆಯನ್ನು 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತಾರೆಂಬುದು ತಮಗೆ ತಿಳಿದದ್ದೇ. ಆ ಮಂಜಿನಲ್ಲಿ ಮಸಿನಗುಡಿ ದಾರಿ ಇಳಿದು ಗೇಟು ಹಾಕುವುದರೊಳಗೆ ತಲುಪುವ ಭರವಸೆ ಡ್ರೈವರಿಗೆ ಇರಲಿಲ್ಲ. ಯಜಮಾನರು ಹೋಗಲು ಬಿಡಲಿಲ್ಲ. ಹೀಗಾಗಿ ಆ ರಾತ್ರಿ ಅಲ್ಲೇ ಉಳಿದೆ.

ಯಜಮಾನರ ಮೊಮ್ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ರಜೆಗೆ ಬಂದಿದ್ದ. ಒಲೆಯ ಹತ್ತಿರ ಚಾಪೆ ಹಾಸಿಕೊಂಡು ಒಂದು ವಾದ್ಯದ ಹಳೆಯ ತಂತಿಗಳನ್ನು ಬಿಚ್ಚುತ್ತಿದ್ದ. ಗಿಟಾರಿನ ಮರಿಯಂತಿದ್ದ ಅದು ಮಗುವಿನ ತೊಡೆಯ ಮೇಲೂ ಕೂರುವಷ್ಟು ಚಿಕ್ಕದು, ತಂತಿ ನಾಲ್ಕೇ. ಉಕುಲೇಲೆ ಎಂದ. ಹವಾಯಿ ದ್ವೀಪದವರ ಮಾತಿನಲ್ಲಿ ಆ ಹೆಸರಿಗೆ ಜಿಗಿಯುವ ಚಿಗಟ ಎಂಬ ಅರ್ಥ ಹೇಳುತ್ತಾರಂತೆ. ಇದರ ಹುಟ್ಟನ್ನು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ರೈತ ಬಂಧುಗಳಿಗೆ ರುಚಿಸುವ ಸಂಗತಿಯಾದ್ದರಿಂದ ಹೇಳುತ್ತೇನೆ. 1879ರ ಆಗಸ್ಟಿನಲ್ಲಿ ಪೋರ್ಚುಗಲ್ಲಿನ ಮಡೀರಾ ದ್ವೀಪದಿಂದ ನಾನೂರಕ್ಕೂ ಹೆಚ್ಚು ಜನ ಹಡಗಿನಲ್ಲಿ ಹೊನೊಲುಲುವಿಗೆ ಬಂದಿಳಿದರು. ಕಬ್ಬಿನ ಗದ್ದೆಯ ಕೂಲಿಗೆಂದು ಬಂದವರು. ಅವರ ಊರಿನ ಚಿಕ್ಕ ವಾದ್ಯವೊಂದು ಅವರ ಜೊತೆಗೆ ಬಂತು. ಅದೇ ಹಡಗಿನಲ್ಲಿದ್ದ ಮೂವರು ಮರಗೆಲಸದವರು ಅಲ್ಲಿ ನೆಲೆನಿಂತು, ಅದರ ಮಾದರಿಯಲ್ಲಿ ಮಾಡಿ ಮಾರತೊಡಗಿದ್ದು ಈ ಉಕುಲೇಲೆ. ಕಬ್ಬಿನ ಕೂಲಿಯವರ ಮೂಟೆಯಲ್ಲಿ ಬಂದ ಸಾಮಾನು ಇಂದು ತುಮ್ಮನಟ್ಟಿಯ ಒಲೆಯ ಮುಂದೆ! ಇರಲಿ.

ಹುಡುಗ ಹೊಸ ತಂತಿ ಹಾಕತೊಡಗಿದ. ತಂತಿ ಎಂದು ಬಾಯಿರೂಢಿಗೆ ಹೇಳುತ್ತೇನೆ, ಅದು ನೈಲಾನಿನ ಎಳೆ. ಒಂದು ತುದಿಯನ್ನು ಕೆಳಗೆ ಕುದುರೆಗೆ ಬಿಗಿದು, ಇನ್ನೊಂದನ್ನು ಮೇಲಿನ ಬಿರಡೆಯ ತೂತಿನಲ್ಲಿ ತೂರಿಸಿದ. ನಾನು ಅವನು ಅಲ್ಲೊಂದು ಗಂಟು ಹಾಕುತ್ತಾನೆಂದು ಕಾಯುತ್ತಿದ್ದೆ. ಹಾಕಲಿಲ್ಲ. ನಾಲ್ಕು ಬೆರಳಿನಷ್ಟು ಎಳೆಯನ್ನು ಸಡಿಲಾಗಿ ಬಿಟ್ಟು ಬಿರಡೆ ತಿರುಗಿಸುತ್ತ ಬಂದ. ಮೊದಲ ಸುತ್ತು ತೂತಿನಿಂದ ಹೊರಗೆ ಬಂದ ಬಾಲದ ಮೇಲೆ ಹಾದು ಅದನ್ನು ಅದುಮಿತು. ಮಿಕ್ಕ ಸುತ್ತುಗಳು ಒಂದರ ಕೆಳಗೊಂದು, ಒಂದರ ಮೇಲೊಂದು ಏರದಂತೆ, ಸಾಲಾಗಿ ಕುಳಿತವು. ಮೂರು ಸುತ್ತು, ಅಷ್ಟೇ.

"ಗಂಟು ಹಾಕಲ್ವಾ?" ಎಂದೆ.

"ಗಂಟು ಬೇಡ ಮಾಮ. ಸುತ್ತೇ ಹಿಡ್ಕೊಳುತ್ತೆ."

ಯೋಚಿಸಿದರೆ ಇದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ಕೊಬ್ಬಿದ ಹೋರಿಯನ್ನು ಕಂಬಕ್ಕೆ ಕಟ್ಟುವಾಗ ಯಾರೂ ನೇರವಾಗಿ ಗಂಟು ಹಾಕುವುದಿಲ್ಲ. ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ತಂದರೆ, ತುದಿಯನ್ನು ಒಬ್ಬ ಹುಡುಗ ಹಿಡಿದು ನಿಂತರೂ ಹೋರಿ ಜಗ್ಗಲಾರದು. ಇಳಿಜಾರಿನಲ್ಲಿ ದಿಮ್ಮಿ ಇಳಿಸುವವರು ಮರಕ್ಕೆ ಹಗ್ಗ ಸುತ್ತುವುದೂ ಇದಕ್ಕೇ. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಎಂಬ ಗಣಿತಜ್ಞ ಇದಕ್ಕೆ ಲೆಕ್ಕ ಕಟ್ಟಿದ. ಪ್ರತಿ ಸುತ್ತಿಗೂ ಹಿಡಿತ ಕೂಡುತ್ತ ಹೋಗುವುದಲ್ಲ, ಗುಣಿಸುತ್ತ ಹೋಗುತ್ತದೆ. ಹಗ್ಗಕ್ಕೂ ಕಂಬಕ್ಕೂ ನಡುವಿನ ಉಜ್ಜುವಿಕೆಯನ್ನು ಮಧ್ಯಮ ಎಂದು ಹಿಡಿದರೂ, ಒಂದು ಸುತ್ತಿಗೆ ಹಿಡಿತ ಆರು ಪಟ್ಟಿಗೂ ಹೆಚ್ಚು, ಎರಡಕ್ಕೆ ನಲವತ್ತರಷ್ಟು, ಮೂರಕ್ಕೆ ಮುನ್ನೂರರ ಹತ್ತಿರ. ಅಷ್ಟು ಚಿಕ್ಕ ವಾದ್ಯದಲ್ಲೂ ಒಂದೊಂದು ತಂತಿ ನಾಲ್ಕರಿಂದ ಆರು ಕಿಲೋ ಭಾರ ಜಗ್ಗುತ್ತದೆ. ಅದನ್ನು ಒಂದು ಗಂಟಿನ ಮೇಲೆ ಬಿಟ್ಟರೆ ನುಣುಪಾದ ನೈಲಾನು ಜಾರಿ ಬರುತ್ತದೆ. ಮೂರು ಸುತ್ತು ಇದ್ದರೆ ಗಂಟಿಗೆ ಕೆಲಸವೇ ಉಳಿಯುವುದಿಲ್ಲ.

ಹಾಗೆಂದು ಹತ್ತು ಸುತ್ತು ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಿದೆ, ವ್ಯಾಪಾರಿಯ ಬುದ್ಧಿ. ಇಲ್ಲವಂತೆ. ಬಿರಡೆಯ ಮೇಲೆ ಎಳೆ ರಾಶಿ ಬಿದ್ದರೆ ಒಂದರ ಮೇಲೊಂದು ಏರಿ, ದಿನ ಕಳೆದಂತೆ ಅದುಮಿಕೊಂಡು, ಮತ್ತೆ ಮತ್ತೆ ಸಡಿಲಾಗುತ್ತದೆ. ಆಣೆಯ ಮೇಲೆ ಆಣೆ ಇಡಿಸಿ, ಊರ ಮುಂದೆ ನಿಲ್ಲಿಸಿ, ಫೋಟೋ ತೆಗೆಸಿ ಮಾಡಿಸುವ ಪ್ರತಿಜ್ಞೆಗಳ ನೆನಪಾಯಿತು.

ನಾಲ್ಕೂ ತಂತಿ ಏರಿಸಿ ಶ್ರುತಿ ಮಾಡಿದ. ನನ್ನ ಕಿವಿಗೆ ಚೆನ್ನಾಗಿಯೇ ಕೇಳಿಸಿತು. ಕಾಫಿ ಕುಡಿದು ಬರುವಷ್ಟರಲ್ಲಿ ನಾಲ್ಕೂ ಇಳಿದಿದ್ದವು. ಮತ್ತೆ ಬಿರಡೆ ತಿರುಗಿಸಿದ. ಮತ್ತೆ ಇಳಿದವು. ಮೂರನೆಯ ಸಲಕ್ಕೆ ನನಗೆ ತಡೆಯಲಾಗಲಿಲ್ಲ. "ಮಾಲು ಸರಿಯಿಲ್ಲ ಕಣಪ್ಪ. ಅಂಗಡಿಗೆ ವಾಪಸ್ಸು ಕೊಡು" ಎಂದುಬಿಟ್ಟೆ.

ಹುಡುಗ ನಕ್ಕ. "ಮಾಲು ಚೆನ್ನಾಗೇ ಇದೆ ಮಾಮ. ಹೊಸದು. ಇಳೀದೇ ಇರೋಕೆ ಆಗಲ್ಲ. ಇನ್ನೂ ಮೂರ್ನಾಲ್ಕು ದಿನ ಇಳೀತಾನೇ ಇರುತ್ತೆ."

ಆ ಮಾತು ನನಗೆ ಎಲ್ಲಿಗೆ ತಾಗಿತೆಂಬುದನ್ನು ಈಗ ಹೇಳಬೇಕು.

ನನ್ನ ತಮ್ಮ ಕುಡಿತಕ್ಕೆ ಬಿದ್ದು ಎಂಟು ವರ್ಷ. ಕಳೆದ ವರ್ಷ ನಮ್ಮ ತಾಯಿಯವರ ಕಾಲು ಮುಟ್ಟಿ, ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ. ನಾನೂ ಎದುರಿಗಿದ್ದೆ. ಅಂದಿನಿಂದ ಬೆಳಿಗ್ಗೆ ಐದಕ್ಕೆ ಬಂದು ಗೋಡೌನು ತೆರೆಯತೊಡಗಿದ. ಹತ್ತೊಂಬತ್ತು ದಿನ ನಡೆಯಿತು. ಇಪ್ಪತ್ತನೆಯ ದಿನ ಸಂತೆ. ರಾತ್ರಿ ಅವನನ್ನು ಇಬ್ಬರು ಹಿಡಿದುಕೊಂಡು ಬಂದರು. ಮರುದಿನ ನಾನು ಅವನಿಂದ ಗೋಡೌನಿನ ಬೀಗದ ಕೈ ಇಸಿದುಕೊಂಡೆ. ಹಮಾಲರೆಲ್ಲ ಕೇಳುವಂತೆ, "ನಿನ್ನ ಮಾತು ಮುರೀತು, ಇನ್ನು ನಿನಗೂ ನನಗೂ ವ್ಯವಹಾರ ಇಲ್ಲ" ಎಂದೆ. ಅವನು ಹೆಂಡತಿ ಮಕ್ಕಳನ್ನು ಊರ ಮನೆಯಲ್ಲೇ ಬಿಟ್ಟು ತೋಟದ ಮನೆ ಸೇರಿದ. ಅಲ್ಲಿ ಅವನನ್ನು ಕೇಳುವವರು ಯಾರೂ ಇಲ್ಲ. ಏನಾಗಬೇಕೋ ಅದೇ ಆಯಿತು. ನಾನು ತುಮ್ಮನಟ್ಟಿಗೆ ಹೋದಾಗ ಇದಾಗಿ ಎರಡು ತಿಂಗಳು.

ಹತ್ತೊಂಬತ್ತು ದಿನ ನಿಂತಿದ್ದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಹೊಸ ತಂತಿ ಒಂದು ಕಾಫಿಯ ಹೊತ್ತು ನಿಲ್ಲದಿದ್ದರೂ ಆ ಹುಡುಗ ಬಿಸಾಡಲಿಲ್ಲ.

ನಮ್ಮ ಸೀಮೆಯಲ್ಲಿ ನೀಲಗಾರರು ಮಂಟೇಸ್ವಾಮಿಯ ಕಥೆ ಹಾಡಲು ಕೂತಾಗ ಮೊದಲು ತಂಬೂರಿಯ ಬಿರಡೆ ತಿರುಗಿಸುತ್ತ ಕೂರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನೆರೆದವರು ಎಲೆ ಅಡಿಕೆ ಹಾಕಿಕೊಂಡು ಮಾತಾಡುತ್ತಿರುತ್ತಾರೆ. ತಂಬೂರಿ ಕೆಟ್ಟಿದೆ ಎಂದು ಒಬ್ಬರಾದರೂ ಎದ್ದು ಹೋದದ್ದಿಲ್ಲ. ನಡುವೆ ಹಾಡು ನಿಲ್ಲಿಸಿ ಒಂದಿಷ್ಟು ಬಿಗಿದುಕೊಂಡರೂ ಅದು ಹಾಡುಗಾರನಿಗೆ ಅವಮಾನವಲ್ಲ. ಲೋಹದ ತಂತಿ ನೈಲಾನಿನಷ್ಟು ಹಿಗ್ಗುವುದಿಲ್ಲ ನಿಜ. ಆದರೆ ಮರದ ಬಿರಡೆಗೆ ಅದರದೇ ಕಷ್ಟ ಉಂಟು. ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಜಾರುತ್ತದೆ. ಜಾರಿದರೆ ಸೀಮೆಸುಣ್ಣದ ಪುಡಿ ಸವರಿ, ತಿರುಗಿಸುತ್ತಲೇ ಒಳಕ್ಕೆ ಒತ್ತುತ್ತಾರೆ. ಮೊಳೆ ಹೊಡೆದು ಬಿಗಿದುಬಿಟ್ಟರೆ ಜಾರುವುದಿಲ್ಲ. ಆದರೆ ಮತ್ತೆ ಶ್ರುತಿ ಮಾಡುವಂತೆಯೂ ಇಲ್ಲ. ಹಿಡಿಯಲೂ ಬೇಕು, ತಿರುಗಲೂ ಬೇಕು. ಅದಕ್ಕೇ ಅದು ಬಿರಡೆ.

ಇಲ್ಲಿಗೆ ನನ್ನ ವಿಚಾರ ನಿಂತಿದ್ದರೆ ಕುಡುಕರಿಗೆಲ್ಲ ಒಳ್ಳೆಯ ನೆಪವಾಗುತ್ತಿತ್ತು. ನಾನೇನು ಮಾಡಲಿ, ಹೊಸ ತಂತಿ, ಇಳಿಯಿತು ಎನ್ನಬಹುದಲ್ಲ! ಹುಡುಗನನ್ನು ಮತ್ತೆ ಕೇಳಿದೆ. ಇಳಿಯುವುದು ಹೊಸತನದಿಂದ ಎಂದು ನಿನಗೆ ಹೇಗೆ ಗೊತ್ತು? ನೀನು ಸುತ್ತಿದ್ದೇ ಸರಿಯಾಗಿರದೆ ಜಾರುತ್ತಿದ್ದರೆ?

ಅವನು ತನ್ನ ಫೋನನ್ನು ತೋರಿಸಿದ. ಸ್ವರ ಎಷ್ಟು ಇಳಿದಿದೆ ಎಂದು ತಕ್ಕಡಿಯ ಮುಳ್ಳಿನಂತೆ ತೋರಿಸುವ ಏರ್ಪಾಡು ಅದರಲ್ಲಿದೆ. ಪ್ರತಿ ತಂತಿಯನ್ನೂ ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ಜಗ್ಗಿ, ಇಳಿದಷ್ಟನ್ನು ನೋಡಿ, ಮತ್ತೆ ಏರಿಸುತ್ತಿದ್ದ. ಮೂರು ತಂತಿಗಳಲ್ಲಿ ಇಳಿಯುವುದು ಸಲದಿಂದ ಸಲಕ್ಕೆ ಕಡಿಮೆಯಾಗುತ್ತ ಬಂತು. ಒಂದು ಮಾತ್ರ ಪ್ರತಿ ಸಲವೂ ಅಷ್ಟಕ್ಕಷ್ಟೇ ಇಳಿಯಿತು. ಆರೇಳು ಸಲ ನೋಡಿ ಅವನು ಅದೊಂದನ್ನು ಪೂರ್ತಿ ಬಿಚ್ಚಿದ. ಅದಕ್ಕೆ ಒಂದೇ ಸುತ್ತು ಬಿದ್ದಿತ್ತು. ಸಡಿಲ ಬಿಡುವುದನ್ನು ಮರೆತು ಎಳೆದು ಹಾಕಿಬಿಟ್ಟಿದ್ದ. "ಇದು ಹಿಗ್ತಾ ಇಲ್ಲ ಮಾಮ, ಜಾರ್ತಾ ಇದೆ" ಎಂದ. ಮತ್ತೆ ಮೂರು ಸುತ್ತು ಬರುವಂತೆ ಹಾಕಿದ. ಎಳೆ ಅದೇ, ಬಿರಡೆ ಅದೇ.

ಈ ವ್ಯತ್ಯಾಸವನ್ನು ನಾನು ರಾತ್ರಿಯೆಲ್ಲ ಮೆಲುಕು ಹಾಕಿದೆ. ಇಳಿಯುವುದು ಕಡಿಮೆಯಾಗುತ್ತಿದ್ದರೆ ಅದು ಒಗ್ಗಿಕೊಳ್ಳುತ್ತಿದೆ. ಪ್ರತಿ ಸಲವೂ ಅಷ್ಟಕ್ಕಷ್ಟೇ ಇಳಿಯುತ್ತಿದ್ದರೆ ಎಲ್ಲೋ ಸುತ್ತು ತಪ್ಪಿದೆ. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಬಿರಡೆ ತಿರುಗಿಸಿದರೆ ಸಾಕು. ಎರಡನೆಯದಕ್ಕೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಬಿಚ್ಚಿ ಹೊಸದಾಗಿ ಸುತ್ತಬೇಕು. ಯಾವುದು ಯಾವುದೆಂದು ಒಂದೇ ಸಲ ನೋಡಿ ಹೇಳಲು ಬರುವುದಿಲ್ಲ. ನಾನು ಹೇಳಿದ್ದು ಒಂದೇ ಸಲ ನೋಡಿ.

ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು ಊರೂರು ತಿರುಗಿ ಜೋಳಿಗೆ ಒಡ್ಡಿ, ಕಾಣಿಕೆ ಬೇಡ, ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿ ಎಂದು ಬೇಡಿದವರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಜೋಳಿಗೆಗೆ ಹಾಕುವುದು ಒಂದು ಕ್ಷಣದ ಕೆಲಸ. ಆ ಕ್ಷಣ ಸಣ್ಣದೆಂದು ನಾನು ಹೇಳುವುದಿಲ್ಲ, ಎಳೆ ತೂತಿನಲ್ಲಿ ತೂರದೆ ಸುತ್ತು ಶುರುವಾಗುವುದೇ ಇಲ್ಲ. ಆದರೆ ಹಾಕಿದವನು ಸಂಜೆ ಮನೆಗೆ ಹೋಗುತ್ತಾನಲ್ಲ, ಅಲ್ಲಿಂದ ಮುಂದೆ ಅವನ ಸುತ್ತ ಬೀಳಬೇಕಾದ ಸುತ್ತುಗಳು ಯಾರ ಕೈಯಲ್ಲಿವೆ? ಬೆಳಿಗ್ಗೆ ಐದಕ್ಕೆ ಬೀಗ ತೆಗೆಯುವ ಕೆಲಸ ಒಂದು ಸುತ್ತು. ಲಾರಿ ಬಂದಾಗ ಮೂಟೆ ಎಣಿಸಲು ಅವನನ್ನೇ ಕರೆಯುವುದು ಒಂದು. ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಅವನ ಮಣೆಯೂ ಇರುವುದು ಇನ್ನೊಂದು. ನಾನು ಅವನು ತಾಯಿಗೆ ಕೊಟ್ಟ ಮಾತೆಂಬ ಗಂಟನ್ನು ನಂಬಿದ್ದೆ. ಅದು ಜಾರಿದ ಮರುದಿನವೇ ಈ ಮೂರು ಸುತ್ತನ್ನೂ ನನ್ನ ಕೈಯಾರೆ ಬಿಚ್ಚಿ, ಆಮೇಲೆ ಅವನು ನಿಲ್ಲಲಿಲ್ಲ ಎಂದು ಅವನನ್ನೇ ದೂರಿದೆ.

ಊರಿಗೆ ಬಂದು ಇದನ್ನೆಲ್ಲ ತಮ್ಮನ ಹೆಂಡತಿಗೆ ಹೇಳಿದೆ. ದೊಡ್ಡ ಸತ್ಯ ಕಂಡುಕೊಂಡು ಬಂದವನ ಠೀವಿಯಲ್ಲೇ ಹೇಳಿರಬೇಕು. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ತಂತಿ ಸಡಿಲ ಆದ್ರೆ ಹಾಡು ಕೆಡ್ತದೆ ಭಾವ. ಇವ್ರು ಸಡಿಲ ಆದ ರಾತ್ರಿ ಏನೇನು ಕೆಡ್ತದೆ ಅಂತ ನಿಮಗೆ ಗೊತ್ತಿಲ್ಲ. ಆ ಬಿರಡೆ ತಿರುಗ್ಸೋರು ಯಾರು? ಎಂಟು ವರ್ಷದಿಂದ ತಿರುಗ್ಸಿ ತಿರುಗ್ಸಿ ನನ್ನ ಕೈ ಸೋತದೆ."

ನನ್ನಲ್ಲಿ ಉತ್ತರ ಇರಲಿಲ್ಲ. ಈ ಮಾತನ್ನು ಬರೆಯದೆ ಬಿಟ್ಟಿದ್ದರೆ ಲೇಖನ ಸುಲಭವಾಗಿ ಮುಗಿಯುತ್ತಿತ್ತು. ಆದರೆ ತಾಳ್ಮೆ ತಾಳ್ಮೆ ಎಂದು ನಾವು ಗಂಡಸರು ಹೇಳುವಾಗ ಆ ತಾಳ್ಮೆಯ ಖರ್ಚು ಯಾರ ಖಾತೆಗೆ ಬೀಳುತ್ತದೆ ಎಂದು ನೋಡುವುದಿಲ್ಲ. ಇಳಿದ ತಂತಿಯಿಂದ ತಂತಿಗಾಗಲಿ ಪಕ್ಕದ ತಂತಿಗಾಗಲಿ ನೋವಿಲ್ಲ. ಕುಡಿದು ಬಂದವನ ಮನೆಯಲ್ಲಿ ಇಬ್ಬರು ಮಕ್ಕಳು ಕದದ ಹಿಂದೆ ನಿಂತಿರುತ್ತಾರೆ. ನನ್ನ ಹೋಲಿಕೆ ಅಲ್ಲಿಗೆ ಹೋಗಲಾರದು, ಅದನ್ನು ಎಳೆದು ಒಯ್ಯಲೂ ಬಾರದು.

ಬಸವಣ್ಣನವರ ಒಂದು ವಚನ ತಮಗೆಲ್ಲ ಬಾಯಿಪಾಠ ಇದೆ. ತಮ್ಮ ದೇಹವನ್ನೇ ವಾದ್ಯ ಮಾಡಿಕೊಂಡು ನುಡಿಸು ಎಂದು ಕೂಡಲಸಂಗಮದೇವರನ್ನು ಕೇಳಿಕೊಳ್ಳುವುದು. ಅದರಲ್ಲಿ ದಂಡಿಗೆ, ಸೋರೆ, ತಂತಿ, ಕಡ್ಡಿ ಎಲ್ಲಕ್ಕೂ ಮೈಯ ಒಂದೊಂದು ಅಂಗ ಒಪ್ಪಿಸಿದ್ದಾರೆ. ತಂಬೂರಿಯ ಸೋರೆಬುರುಡೆ ನಮ್ಮ ಗಡಿಸೀಮೆಯವರಿಗೆ ದೂರದ ವಸ್ತುವಲ್ಲ. ಮೀರಜಿನ ಕುಶಲಿಗಳಿಗೆ ಪಂಢರಪುರ, ಮಂಗಳವೇಢೆಗಳ ಕಡೆಯ ಹೊಲಗಳಿಂದಲೇ ಅದು ಬರುತ್ತದೆ. ಬಸವಣ್ಣನವರು ಕರಣಿಕರಾಗಿದ್ದರೆಂದು ಹೇಳುವ ಮಂಗಳವೇಢೆ ಅದು. ಮೀರಜಿನಲ್ಲಿ ತಯಾರಾಗುವ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿತು. ಆ ವಚನವನ್ನು ಎಷ್ಟೋ ಸಲ ಹಾಡಿದ್ದರೂ ಒಂದು ಸಂಗತಿ ನನಗೆ ಈಚೆಗೆ ಕಂಡಿತು. ಅದರಲ್ಲಿ ಬಿರಡೆಯ ಮಾತಿಲ್ಲ. ಬಲ್ಲವರು ಇದಕ್ಕೆ ಬೇರೆ ಅರ್ಥ ಹೇಳಬಹುದು, ಅಥವಾ ಅರ್ಥವೇ ಇಲ್ಲ ಎನ್ನಬಹುದು. ನಾನು ಅಂಗಡಿಯವನು, ನನಗೆ ತೋಚಿದ್ದಿಷ್ಟು. ಎಲ್ಲ ಅಂಗವನ್ನೂ ಒಪ್ಪಿಸಿದ ಮೇಲೆ ಬಿಗಿಯುವ ಸಡಿಲಿಸುವ ಕೆಲಸವನ್ನು ಅವರು ತಮ್ಮ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ, ನುಡಿಸುವವನಿಗೇ ಬಿಟ್ಟರು. ತಂತಿ ತನ್ನನ್ನು ತಾನೇ ಏರಿಸಿಕೊಳ್ಳಲಾರದು. ಹಾಗಾದರೆ ನಮ್ಮ ಮನೆಯಲ್ಲಿ ಆ ಕೆಲಸವನ್ನು ಎಂಟು ವರ್ಷ ಒಬ್ಬ ಹೆಣ್ಣುಮಗಳ ಮೇಲೆ ಹೊರಿಸಿ, ಅಣ್ಣನಾದ ನಾನು ಮುಳ್ಳು ನೋಡಿ ತೀರ್ಪು ಹೇಳುವ ಕೆಲಸ ಮಾತ್ರ ಇಟ್ಟುಕೊಂಡಿದ್ದೆ.

ಮರುವಾರ ತೋಟದ ಮನೆಗೆ ಹೋದೆ. ಉಪದೇಶ ಮಾಡಲಿಲ್ಲ. ಹೊಸ ಆಣೆಯನ್ನೂ ಕೇಳಲಿಲ್ಲ. ಬೀಗದ ಕೈ ಕೊಟ್ಟು, "ನಾಳೆ ಐದಕ್ಕೆ ಲಾರಿ ಅದೆ" ಎಂದೆ. ಅವನು ಬಹಳ ಹೊತ್ತು ಕೈ ಚಾಚಲಿಲ್ಲ. ಶ್ರುತಿ ಮೀರಿ ಏರಿದ ತಂತಿಯನ್ನು ಮೇಲಿನಿಂದ ಇಳಿಸಿ ನಿಲ್ಲಿಸಬಾರದು, ಇನ್ನೂ ಕೆಳಕ್ಕೆ ಬಿಟ್ಟು ಕೆಳಗಿನಿಂದಲೇ ಏರಿಸಿ ತರಬೇಕು, ಇಲ್ಲದಿದ್ದರೆ ಬಿರಡೆಯ ಹಲ್ಲಿನಲ್ಲಿ ಉಳಿದ ಸಡಿಲು ಆಮೇಲೆ ಕೈ ಕೊಡುತ್ತದೆ ಎಂದು ಹುಡುಗ ಹೇಳಿದ್ದ. ಅದು ನೆನಪಾಗಿ ನಾನೇ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಕೆಲವು ಕರಾರು ಮಾಡಿಕೊಂಡೆವು. ಹಾಕಿದವಳು ಅವನ ಹೆಂಡತಿ. ಅವನ ಸಂಬಳ ಅವಳ ಕೈಗೆ. ಸಂತೆಯ ದಿನ ಅವನು ನನ್ನ ಜೊತೆಗೇ ಇರಬೇಕು. ಕುಡಿದ ರಾತ್ರಿ ಅವನು ಬರಬೇಕಾದದ್ದು ನಮ್ಮ ಮನೆಗೆ, ಅವಳಿರುವ ಮನೆಗೆ ಅಲ್ಲ. ಮೂರನೆಯದನ್ನು ನಾನು ಒಪ್ಪಲು ಸ್ವಲ್ಪ ತಡವರಿಸಿದೆ. ನನ್ನ ಸೊಸೆ ಏನೆನ್ನುತ್ತಾಳೋ, ಬೀದಿಯವರು ಏನೆನ್ನುತ್ತಾರೋ ಎಂದು. ಆಮೇಲೆ ಒಪ್ಪಿದೆ.

ಈಚೆಗೆ ತುಮ್ಮನಟ್ಟಿಯ ಹುಡುಗ ಫೋನು ಮಾಡಿದ್ದ. ಬೆಳ್ಳುಳ್ಳಿ ತೂಕದ ವಿಚಾರ. ತಂತಿ ಹೇಗಿದೆ ಎಂದು ಕೇಳಿದೆ. ನಿಂತಿದೆಯಂತೆ. ಬೆಂಗಳೂರಿನಿಂದ ಊರಿಗೆ ತಂದಾಗ ಚಳಿಗೆ ಸ್ವಲ್ಪ ಬದಲಾಗುತ್ತದಂತೆ, ಸರಿಮಾಡಿಕೊಳ್ಳುತ್ತಾನಂತೆ.

ತಮ್ಮ ಮೊದಲ ಸಲ ಹತ್ತೊಂಬತ್ತು ದಿನ ನಿಂತಿದ್ದ. ಎರಡನೆಯ ಸಲ ಮೂವತ್ತೊಂದು ದಿನಕ್ಕೆ ಜಾರಿದ. ಆ ರಾತ್ರಿ ನಮ್ಮ ಜಗಲಿಯಲ್ಲಿ ಮಲಗಿದ್ದ, ಐದಕ್ಕೆ ನಾನೇ ಎಬ್ಬಿಸಿದೆ. ಅದರ ಮೇಲೆ ಇನ್ನೊಂದು ಸಲ ಆಯಿತು. ಈಗಿನದು ಎಷ್ಟನೆಯ ದಿನ ಎಂದು ನಾನು ಎಣಿಸುವುದನ್ನು ಬಿಟ್ಟಿದ್ದೇನೆ. ಅವನ ಹೆಂಡತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಏನೋ ಗುರುತು ಹಾಕುತ್ತಿರುತ್ತಾಳೆ. ನಾನು ಕೇಳಿಲ್ಲ, ಅವಳೂ ಹೇಳಿಲ್ಲ.